ಹೆಲ್ಮೆಟ್‌ಗೆ ಬಡಿಯುವ ಗಾಳಿ: ಟೂರಿಂಗ್ ಬೈಕಿನಲ್ಲಿ ಮೂಲ ಹುಡುಕುವ ಬಗೆ

ಊರೊಳಗೆ ಬೈಕು ಚೆನ್ನಾಗಿಯೇ ಓಡುತ್ತದೆ. ಹೆದ್ದಾರಿ ಹತ್ತಿ ವೇಗ 80ರ ಹತ್ತಿರ ಬಂದರೆ ಸಾಕು, ತಲೆ ಎಡಕ್ಕೂ ಬಲಕ್ಕೂ ಅದುರಲು ಶುರುವಾಗುತ್ತದೆ. ಕಿವಿಯಲ್ಲಿ ಧಡಧಡ ಸದ್ದು. ಕನ್ನಡಿಯಲ್ಲಿ ಹಿಂದಿನ ಲಾರಿ ಕಾಣುತ್ತದೆ, ಅದು ದೂರ ಇದೆಯೋ ಹತ್ತಿರ ಇದೆಯೋ ತಿಳಿಯುವುದಿಲ್ಲ. ಎರಡು ತಾಸು ಹೀಗೆ ಹೋದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಇಳಿದ ಮೇಲೂ ಕಿವಿ ಗುಂಯ್ ಅನ್ನುತ್ತಿರುತ್ತದೆ. ಬೈಕಿನವರು ಇದನ್ನು ಬಫೆಟಿಂಗ್ ಅನ್ನುತ್ತಾರೆ. ಇಲ್ಲಿ ಗಾಳಿ ಬಡಿತ ಅಂತಲೇ ಕರೆಯೋಣ.

ಬೆಳಗಾವಿಯಲ್ಲಿ ಕೇಳಿ, ವಿಜಯಪುರದಲ್ಲಿ ಕೇಳಿ, ಸಿಗುವ ಉತ್ತರ ಒಂದೇ: "ದೊಡ್ಡ ಗ್ಲಾಸ್ ಹಾಕಿಸ್ರಿ." ಗ್ಲಾಸ್ ಅಂದರೆ ಹ್ಯಾಂಡಲಿನ ಮುಂದೆ ಗಾಳಿ ತಡೆಯಲು ನಿಲ್ಲಿಸುವ ವಿಂಡ್‌ಶೀಲ್ಡ್. ಕೆಲವರಿಗೆ ಇದರಿಂದ ಆರಾಮ ಸಿಗುತ್ತದೆ. ಎಷ್ಟೋ ಜನರಿಗೆ ದುಡ್ಡು ಹೋಗಿ ಬಡಿತ ಇನ್ನೂ ಜಾಸ್ತಿಯಾಗುತ್ತದೆ. ತಪ್ಪು ಗ್ಲಾಸಿನದಲ್ಲ. ಗಾಳಿ ಎಲ್ಲಿಂದ ಬಂದು ಎಲ್ಲಿ ಬಡಿಯುತ್ತಿದೆ ಅಂತ ನೋಡದೆ ಔಷಧ ಕೊಟ್ಟಿದ್ದರಿಂದ ಹೀಗಾಗುತ್ತದೆ. ಮೊದಲು ಜಾಗ ಹುಡುಕಬೇಕು. ಅದಕ್ಕೆ ಬೇಕಾದದ್ದು ಒಂದು ಬೆಳಗಿನ ಜಾವ, ಖಾಲಿ ರಸ್ತೆ, ಅಲೆನ್ ಕೀ ಸೆಟ್, ಒಂದಿಷ್ಟು ಉಣ್ಣೆ ದಾರ, ಟೇಪು. ಅಷ್ಟೇ.

ತಲೆ ಅದುರಿಸುವುದು ಯಾವ ಗಾಳಿ?

ನೇರವಾಗಿ ಬಂದು ಮೈಗೆ ಬಡಿಯುವ ಗಾಳಿ ದಣಿಸುತ್ತದೆ, ಆದರೆ ತಲೆ ಅದುರಿಸುವುದಿಲ್ಲ. ಗ್ಲಾಸೇ ಇಲ್ಲದ ಬೈಕು ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಎದೆಗೆ ಒತ್ತಡ, ತೋಳಿಗೆ ಭಾರ, ಆದರೂ ತಲೆ ಅಲುಗಾಡದೆ ಇರುತ್ತದೆ. ಅದುರಿಸುವುದು ಒಡೆದ ಗಾಳಿ. ಮಳೆಗಾಲದಲ್ಲಿ ತುಂಬಿ ಹರಿಯುವ ಘಟಪ್ರಭೆ ಸೇತುವೆಯ ಕಂಬಕ್ಕೆ ಬಡಿದಾಗ ಕಂಬದ ಹಿಂದೆ ಸುಳಿಗಳು ಏಳುತ್ತವಲ್ಲ, ಗ್ಲಾಸಿನ ಅಂಚಿನ ಹಿಂದೆಯೂ ಗಾಳಿಗೆ ಹಾಗೇ ಸುಳಿ ಬೀಳುತ್ತದೆ. ಒಂದರ ಹಿಂದೆ ಒಂದು ಸುಳಿ ಹೆಲ್ಮೆಟ್‌ಗೆ ಗುದ್ದಿಕೊಂಡು ಹೋಗುತ್ತದೆ.

ಈ ಸುಳಿಗಳ ಪಟ್ಟಿ ಗ್ಲಾಸಿನ ಅಂಚಿನಿಂದ ಹೊರಟು ಹಿಂದಕ್ಕೆ ಹೋದಷ್ಟೂ ಅಗಲವಾಗುತ್ತದೆ. ನಿಮ್ಮ ಹೆಲ್ಮೆಟ್ ಆ ಪಟ್ಟಿಗಿಂತ ಮೇಲಿದ್ದರೆ ತೊಂದರೆಯಿಲ್ಲ. ಕೆಳಗಿದ್ದರೂ ತೊಂದರೆಯಿಲ್ಲ. ಪಟ್ಟಿಯ ನಡುವೆ ಸಿಕ್ಕಿಕೊಂಡರೆ ಮಾತ್ರ ಗೋಳು. ಅದಕ್ಕೇ ಒಂದೇ ಬೈಕು ಐದಡಿ ನಾಲ್ಕಿಂಚಿನವರಿಗೆ ಸ್ವರ್ಗ, ಐದಡಿ ಹತ್ತಿಂಚಿನವರಿಗೆ ನರಕ. ಗೆಳೆಯ ಹಾಕಿಸಿದ ಗ್ಲಾಸನ್ನೇ ನೀವೂ ಹಾಕಿಸಿದರೆ ಅವನಿಗೆ ಸಿಕ್ಕ ಫಲ ನಿಮಗೆ ಸಿಗಬೇಕೆಂದಿಲ್ಲ. ಅವನ ಎತ್ತರ ಬೇರೆ, ಕೂರುವ ರೀತಿ ಬೇರೆ, ಹೆಲ್ಮೆಟ್ ಬೇರೆ.

ಎಲ್ಲಕ್ಕಿಂತ ಕೆಟ್ಟದ್ದು ನಡುವಿನ ಎತ್ತರದ ಗ್ಲಾಸು. ಗಿಡ್ಡ ಗ್ಲಾಸಿನ ಸುಳಿ ಎದೆಗೆ ಬಡಿಯುತ್ತದೆ, ಎದೆ ತಡೆದುಕೊಳ್ಳುತ್ತದೆ. ಸರಿಯಾದ ಎತ್ತರದ ಗ್ಲಾಸಿನ ಸುಳಿ ತಲೆಯ ಮೇಲೆ ಹಾದು ಹೋಗುತ್ತದೆ. ಗಿಡ್ಡ ತೆಗೆದು ಎರಡು ಮೂರು ಇಂಚು ದೊಡ್ಡದು ಹಾಕಿಸಿದವರ ಸುಳಿ ಎದೆಯಿಂದ ಎದ್ದು ನೇರ ಹೆಲ್ಮೆಟ್‌ಗೆ ಬರುತ್ತದೆ. "ದುಡ್ಡು ಕೊಟ್ಟು ತಲೆನೋವು ತಂದುಕೊಂಡೆ" ಅನ್ನುವವರಲ್ಲಿ ಹೆಚ್ಚಿನವರು ಇವರೇ.

ವೇಗದ ಲೆಕ್ಕವನ್ನೂ ನೆನಪಿಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದ ಒತ್ತಡ 100ಕ್ಕೆ ಹೋದಾಗ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ. 60ರಿಂದ 120ಕ್ಕೆ ಹೋದರೆ ನಾಲ್ಕು ಪಟ್ಟು. ಎಂಬತ್ತರ ತನಕ ಏನೂ ಅನ್ನಿಸದೆ ಆಮೇಲೆ ಒಮ್ಮೆಲೇ ತಲೆ ಅದುರಲು ಶುರುವಾದರೆ ಬೈಕಿಗೆ ಏನೋ ಆಯಿತು ಅಂತ ಹೆದರಬೇಡಿ.

ಇದು ಗಾಳಿಯದೇ ತಂಟೆಯಾ?

ಗ್ಲಾಸಿಗೆ ಕೈ ಹಾಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ಗಾಳಿ ಬಡಿತ ಅಂದುಕೊಂಡು ಸಡಿಲ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಇಟ್ಟುಕೊಂಡು ತಿರುಗುವುದು ಅಪಾಯ. ಅದುರುತ್ತಿರುವುದು ತಲೆಯೋ, ಹ್ಯಾಂಡಲೋ, ಇಡೀ ಬೈಕೋ ಅಂತ ಬೇರೆ ಮಾಡಿ ನೋಡಿ.

ತಲೆ ಅದುರುವ ವೇಗದಲ್ಲಿ ಹೋಗುತ್ತಾ ಗಲ್ಲ ಟ್ಯಾಂಕಿನ ಹತ್ತಿರ ಬರುವಷ್ಟು ಬಗ್ಗಿ. ಎಲ್ಲ ಶಾಂತವಾದರೆ ಅದು ಗಾಳಿ. ಬಗ್ಗಿದ ಮೇಲೂ ಹ್ಯಾಂಡಲ್ ಅಲುಗಾಡುತ್ತಿದ್ದರೆ ಗಾಳಿಯನ್ನು ಬಿಟ್ಟು ಬೇರೆ ಕಡೆ ನೋಡಬೇಕು. ಅದೇ ವೇಗದಲ್ಲಿ ಒಂದು ಗೇರ್ ಇಳಿಸಿದಾಗ ಅದುರಾಟದ ರೀತಿ ಬದಲಾದರೆ ಅದು ಎಂಜಿನ್ನಿನದು. ಕನ್ನಡಿ ಮಸುಕಾಗುವುದಕ್ಕೆ ಎಷ್ಟೋ ಸಲ ಎಂಜಿನ್ ಕಂಪನವೇ ಕಾರಣ, ಗಾಳಿ ಅಲ್ಲ.

ಕೋನ್ ಸೆಟ್ ನೋಡುವುದು ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು ಮುಂದಿನ ಗಾಲಿ ನೆಲ ಬಿಡುವಂತೆ ಮಾಡಲಿ. ಹ್ಯಾಂಡಲನ್ನು ಒಂದು ಬೆರಳಿನಿಂದ ನಿಧಾನಕ್ಕೆ ತಿರುಗಿಸಿ. ನೇರ ಬರುವಾಗ ನಡುವೆ ಕಚ್ಚಿಕೊಂಡಂತೆ ನಿಂತರೆ ಬೇರಿಂಗ್ ತಿಂದಿದೆ. ಫೋರ್ಕಿನ (ಮುಂದಿನ ಗಾಲಿ ಹಿಡಿದಿರುವ ಎರಡು ಕೊಳವೆಗಳ) ಕೆಳಭಾಗ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಟಕ್ ಅಂದರೆ ಸಡಿಲವಾಗಿದೆ. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ, ಬೈಕಿನ ಪುಸ್ತಕದಲ್ಲಿರುವ ಅಳತೆಗೆ ಹಾಕಿಸಿ. ಬಿಸಿಲಲ್ಲಿ ಐವತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿದ ಅಳತೆ ಲೆಕ್ಕಕ್ಕಿಲ್ಲ.

ಸೀಟಿನ ಹಿಂದೆ ಸಾಮಾನಿನ ಪೆಟ್ಟಿಗೆ (ಟಾಪ್ ಬಾಕ್ಸ್) ಇದ್ದರೆ ತೆಗೆದಿಟ್ಟು ಒಂದು ಸಲ ಓಡಿಸಿ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಭಾರ ಬಿದ್ದರೆ ಮುಂದಿನ ಗಾಲಿ ಹಗುರಾಗುತ್ತದೆ, ವೇಗದಲ್ಲಿ ಬೈಕು ಹಾವಿನಂತೆ ನಿಧಾನಕ್ಕೆ ಓಲಾಡುತ್ತದೆ. ಇದನ್ನು ಯಾವ ಗ್ಲಾಸೂ ಸರಿ ಮಾಡುವುದಿಲ್ಲ. ಭಾರದ ಸಾಮಾನು ಕೆಳಗೆ, ಮುಂದಕ್ಕೆ ಬರಬೇಕು.

ಎಲ್ಲಿ, ಯಾವ ಹೊತ್ತಿಗೆ ನೋಡುವುದು

ಬೆಳಗಾವಿ, ವಿಜಯಪುರ, ಬಾಗಲಕೋಟೆ, ಈ ಮೂರೂ ಜಿಲ್ಲೆಗಳಲ್ಲಿ ಗಾಳಿಯದ್ದೇ ಒಂದು ಗುಣ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಬಯಲಲ್ಲಿ ಅದಕ್ಕೆ ಅಡ್ಡ ಬರುವುದು ಏನೂ ಇಲ್ಲ. ಸವದತ್ತಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದವರು ಸುಮ್ನೆ ನಿಲ್ಲಿಸಿಲ್ಲ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ ಬೀಸುತ್ತದೆ, ಅಬ್ಬರವೂ ಕಡಿಮೆ.

ಮಳೆಗಾಲದ ಒಂದು ಮಧ್ಯಾಹ್ನ ಬೆಳಗಾವಿಯಿಂದ ಧಾರವಾಡಕ್ಕೆ ಹೊರಟಿರಿ ಅನ್ನಿ. ರಸ್ತೆ ಆಗ್ನೇಯಕ್ಕೆ ಹೋಗುತ್ತದೆ, ಗಾಳಿ ಬಲಗಡೆ ಹಿಂದಿನಿಂದ ಬರುತ್ತದೆ. ಹೋಗುವಾಗ ಎಲ್ಲ ಸುಖ. "ಹೊಸ ಗ್ಲಾಸ್ ಭಾರಿ ಐತಿ" ಅಂತ ಫೋನ್ ಮಾಡಿ ಹೇಳುತ್ತೀರಿ. ವಾಪಸ್ ಬರುವಾಗ ಅದೇ ಗಾಳಿ ಎಡಗಡೆ ಮುಂದಿನಿಂದ ಬಡಿಯುತ್ತದೆ, ಅದೇ ಗ್ಲಾಸ್ ಶತ್ರುವಾಗುತ್ತದೆ. ಲೆಕ್ಕ ಹಾಕಿ ನೋಡಿ. ಮೀಟರಿನಲ್ಲಿ 80 ಇದ್ದು, ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ನೇರ ಎದುರಿಗಿದ್ದರೆ ನಿಮ್ಮ ಹೆಲ್ಮೆಟ್‌ಗೆ ಸಿಗುವುದು 110. ಅದೇ ಗಾಳಿ ನೇರ ಹಿಂದಿನಿಂದ ಬಂದರೆ ಸಿಗುವುದು ಬರೀ 50. ಒತ್ತಡದಲ್ಲಿ ಹೆಚ್ಚುಕಡಿಮೆ ಐದು ಪಟ್ಟು ವ್ಯತ್ಯಾಸ. ಹೀಗಿರುವಾಗ ಒಂದು ಕಡೆ ಓಡಿಸಿ ತೀರ್ಪು ಕೊಡುವುದರಲ್ಲಿ ಅರ್ಥ ಇಲ್ಲ.

ಆದ್ದರಿಂದ ಸೂರ್ಯ ಏಳುವ ಹೊತ್ತಿಗೆ, ಗಾಳಿ ಸತ್ತಿರುವಾಗ ಹೊರಡಿ. ಒಂದೇ ತುಂಡು ರಸ್ತೆಯಲ್ಲಿ ಹೋಗುತ್ತಲೂ ಬರುತ್ತಲೂ ಒಂದೇ ವೇಗದಲ್ಲಿ ಓಡಿಸಿ. ವಿಜಯಪುರದಿಂದ ಸೊಲ್ಲಾಪುರದ ಕಡೆ ಹೋಗುವ ರಸ್ತೆ, ಹುನಗುಂದ, ಇಳಕಲ್ ಮೇಲೆ ಹೊಸಪೇಟೆಗೆ ಹೋಗುವ ನಾಲ್ಕು ಪಥದ ರಸ್ತೆ, ಇವೆಲ್ಲ ಇದಕ್ಕೆ ಒಳ್ಳೆಯವು. ನಾಲ್ಕು ಪಥದಲ್ಲಿ ಬೈಕಿಗೆ ಗಂಟೆಗೆ 80 ಅಂತ 2018ರ ಕೇಂದ್ರದ ಅಧಿಸೂಚನೆ ಮಿತಿ ಹಾಕಿದೆ. ಪರೀಕ್ಷೆಗೂ ಅಷ್ಟು ವೇಗ ಸಾಕು. ಕಬ್ಬು ನುರಿಸುವ ಕಾಲದಲ್ಲಿ ಮುಧೋಳ, ಜಮಖಂಡಿ ಕಡೆಯ ರಸ್ತೆ ಬೇಡವೇ ಬೇಡ. ಡಬಲ್ ಟ್ರಾಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ನೀವು ಅಳೆಯುವುದು ಕಬ್ಬಿನ ಹೊರೆಯ ಗಾಳಿಯನ್ನು, ನಿಮ್ಮ ಗ್ಲಾಸಿನದನ್ನಲ್ಲ.

ಜಾಗ ಹುಡುಕುವ ಪರೀಕ್ಷೆಗಳು

ಮೊದಲನೆಯದು ಏಳುವುದು, ಬಗ್ಗುವುದು. ರಸ್ತೆ ಖಾಲಿ ಇದ್ದಾಗ, ತಲೆ ಅದುರುವ ವೇಗದಲ್ಲಿ, ಫುಟ್‌ರೆಸ್ಟ್ ಮೇಲೆ ಕಾಲೂರಿ ನಿಧಾನಕ್ಕೆ ಮೇಲೇಳಿ. ಪೂರ್ತಿ ನಿಲ್ಲಬೇಡಿ, ಇಂಚಿಂಚಾಗಿ ಏಳಿ. ಒಂದು ಎತ್ತರಕ್ಕೆ ಬಂದಾಗ ಧಡಧಡ ನಿಂತು ಒಂದೇ ಸಮನೆ ಬುಸ್ ಅನ್ನುವ ಸದ್ದು ಬರುತ್ತದೆ. ಅಲ್ಲಿಂದ ಮೇಲೆ ಒಡೆಯದ ಗಾಳಿ ಇದೆ. ಎಷ್ಟು ಎದ್ದಿರಿ, ನೆನಪಿಡಿ. ಈಗ ಕೂತು, ಬೆನ್ನು ಬಗ್ಗಿಸಿ ಹಾಗೇ ಕೆಳಗಿಳಿಯಿರಿ. ಎಲ್ಲಿ ಸದ್ದು ತಗ್ಗಿತು, ಅದನ್ನೂ ನೆನಪಿಡಿ.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಈ ಎರಡು ಅಳತೆಗಳು. ಎರಡಿಂಚು ಎದ್ದರೆ ಶಾಂತಿ, ಆರಿಂಚು ಬಗ್ಗಿದರೆ ಶಾಂತಿ ಅಂತಾದರೆ ನಿಮಗೆ ಬೇಕಾದದ್ದು ಗಿಡ್ಡ ಗ್ಲಾಸು, ದೊಡ್ಡದಲ್ಲ. ತಿರುಗುಮುರುಗಾದರೆ ಆಗ ದೊಡ್ಡ ಗ್ಲಾಸಿನ ಮಾತು. ಎರಡೂ ಹೆಚ್ಚುಕಡಿಮೆ ಸಮ ಇದ್ದರೆ ಎತ್ತರ ಬಿಟ್ಟು ಗ್ಲಾಸಿನ ಓರೆ ಬದಲಾಯಿಸಿ ನೋಡಬೇಕು. ಯಾವ ಕಡೆ ಕಡಿಮೆ ದೂರವೋ ಆ ಕಡೆ ಹೋಗುವುದು.

ಎರಡನೆಯದು ಅಂಗೈ ಪರೀಕ್ಷೆ. ಬಲಗೈ ಆಕ್ಸಿಲರೇಟರ್ ಮೇಲೇ ಇರಲಿ. ಎಡ ಅಂಗೈಯನ್ನು ಗ್ಲಾಸಿನ ಹಿಂದೆ, ಮುಖದ ಎದುರಿಗೆ ತಂದು ಮೆಲ್ಲಗೆ ಮೇಲಕ್ಕೆತ್ತಿ. ಗ್ಲಾಸಿನ ಮರೆಯಲ್ಲಿ ಸುಮಾರಾಗಿ ನಿಶ್ಚಲ, ಆಮೇಲೆ ಬೆರಳು ಪಟಪಟ ಬಡಿದುಕೊಳ್ಳುವ ಪಟ್ಟಿ, ಅದರ ಮೇಲೆ ಗಟ್ಟಿಯಾಗಿ ಒತ್ತುವ ನೇರ ಗಾಳಿ. ಮೂರೂ ಕೈಗೆ ಸ್ಪಷ್ಟವಾಗಿ ತಿಳಿಯುತ್ತವೆ. ಹಾಗೇ ಅಂಗೈಯನ್ನು ಟ್ಯಾಂಕಿನ ಮೇಲೆ, ಮೀಟರಿನ ಹಿಂದೆ ಇಳಿಸಿ. ಕೆಳಗಿನಿಂದ ಮೇಲಕ್ಕೆ ಗಾಳಿ ನುಗ್ಗುತ್ತಿದೆಯಾ? ಈ ಉತ್ತರ ಮುಂದೆ ಬೇಕಾಗುತ್ತದೆ. ರಸ್ತೆ ಹಾಳಾಗಿದ್ದರೆ, ಹಿಂದೆ ಮುಂದೆ ಗಾಡಿ ಇದ್ದರೆ ಈ ಪರೀಕ್ಷೆ ಬೇಡ.

ಮೂರನೆಯದು ದಾರ. ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಉಣ್ಣೆ ದಾರದ ತುಂಡುಗಳನ್ನು ಗ್ಲಾಸಿನ ಮೇಲಂಚಿಗೆ, ಎರಡೂ ಬದಿಗೆ, ಹೆಲ್ಮೆಟ್ಟಿನ ಹಣೆಗೆ, ಪಕ್ಕಕ್ಕೆ ಟೇಪಿನಿಂದ ಅಂಟಿಸಿ. ಇಳಕಲ್, ಬನಹಟ್ಟಿ ಕಡೆಯವರಿಗೆ ದಾರಕ್ಕೇನೂ ಬರವಿಲ್ಲ, ಆದರೆ ಸೀರೆಯ ನೂಲು ತೀರಾ ಹಗುರ, ಸ್ವೆಟರ್ ದಾರವೇ ವಾಸಿ. ಪಕ್ಕದಲ್ಲಿ ಕಾರಿನಲ್ಲಿ ಒಬ್ಬರು, ಓಡಿಸುವವರಲ್ಲ, ವಿಡಿಯೋ ತೆಗೆಯಲಿ. ದಾರ ಹಿಂದಕ್ಕೆ ನೆಟ್ಟಗೆ ಚಾಚಿಕೊಂಡಿದ್ದರೆ ಅಲ್ಲಿ ಗಾಳಿ ಒಡೆದಿಲ್ಲ. ಗಿರಗಿರ ತಿರುಗುತ್ತಿದ್ದರೆ ಅಲ್ಲಿ ಸುಳಿ. ಮುಂದಕ್ಕೆ ಮಡಿಚಿಕೊಂಡಿದ್ದರೆ ಅಲ್ಲಿ ಗಾಳಿ ಹಿಂದಿನಿಂದ ಮುಂದಕ್ಕೆ ಎಳೆಯುತ್ತಿದೆ ಅಂತ ಅರ್ಥ.

ಕೊನೆಯದನ್ನು ಮಾಡುವವರು ಕಡಿಮೆ, ಆದರೆ ಇದೇ ಖಚಿತ: ಗ್ಲಾಸನ್ನೇ ಬಿಚ್ಚಿ ಮನೆಯಲ್ಲಿಟ್ಟು ಅದೇ ರಸ್ತೆಯಲ್ಲಿ ಓಡಿಸಿ. ಬಹಳ ಬೈಕುಗಳಲ್ಲಿ ನಾಲ್ಕು ಬೋಲ್ಟಿನ ಕೆಲಸ. ಗ್ಲಾಸಿಲ್ಲದೆ ತಲೆ ಶಾಂತವಾಗಿದ್ದರೆ ಕಳ್ಳ ಗ್ಲಾಸೇ. ಆಗಲೂ ಅದುರಿದರೆ ಹೆಲ್ಮೆಟ್ ನೋಡಿ.

ಮೇಲಂಚಿನ ಸುಳಿ ಆದರೆ

ಮೊದಲು ಖರ್ಚಿಲ್ಲದ್ದು. ಗ್ಲಾಸಿಗೆ ಎತ್ತರ ಹೊಂದಿಸುವ ತೂತುಗಳಿದ್ದರೆ ಒಂದೊಂದೇ ಹೆಜ್ಜೆ ಬದಲಾಯಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗ್ಲಾಸ್ ಎತ್ತರಿಸಿ, ಅದೇ ದಿನ ಹೆಲ್ಮೆಟ್ಟೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ಎತ್ತರ ಗೊತ್ತುಮಾಡಲು ಒಂದು ಅಂದಾಜು ಇದೆ. ಕೂತಾಗ ಗ್ಲಾಸಿನ ಮೇಲಂಚು ಮೂಗು, ಗಲ್ಲದ ಮಟ್ಟಕ್ಕೆ ಬರಬೇಕು. ಗಾಳಿ ಅಂಚಿನಿಂದ ಮೇಲಕ್ಕೆ ಚಿಮ್ಮಿ ಹೋಗುವುದರಿಂದ ಗ್ಲಾಸು ತಲೆಯಷ್ಟು ಎತ್ತರ ಇರಬೇಕಾಗಿಲ್ಲ. ನೋಟ ಗ್ಲಾಸಿನ ಮೇಲಿಂದ ಹೋಗಬೇಕು, ಒಳಗಿನಿಂದ ಅಲ್ಲ. ರಾತ್ರಿ ಮಳೆಯಲ್ಲಿ, ಎದುರು ಲಾರಿಯ ಹೈಬೀಮ್ ಬಿದ್ದಾಗ, ಗೀರು ಬಿದ್ದ ಗ್ಲಾಸಿನ ಮೂಲಕ ರಸ್ತೆ ನೋಡುವ ಕಷ್ಟ ಯಾರಿಗೂ ಬೇಡ.

ಓರೆಯೂ ಮುಖ್ಯ. ಗ್ಲಾಸು ನೆಟ್ಟಗೆ ನಿಂತಷ್ಟೂ ಗಾಳಿಯನ್ನು ಮೇಲಕ್ಕೆ ಎಸೆಯುತ್ತದೆ, ಸುಳಿಯೂ ಜೋರು. ನಿಮ್ಮ ಕಡೆ ಸ್ವಲ್ಪ ವಾಲಿಸಿದರೆ ಗಾಳಿ ಸರಾಗವಾಗಿ ಜಾರುತ್ತದೆ. ಅಂಚು ಹತ್ತಿರ ಬಂದಷ್ಟೂ ಸುಳಿ ಅಗಲವಾಗಲು ಜಾಗ ಸಿಗುವುದಿಲ್ಲ. ಸೀಟಿನಲ್ಲಿ ಒಂದಿಷ್ಟು ಮುಂದೆ ಸರಿದು ಕೂತಾಗ ಆರಾಮ ಅನ್ನಿಸಿದರೆ ಅದರ ಗುಟ್ಟು ಇದೇ.

ಇದರಿಂದಲೂ ಆಗದಿದ್ದರೆ ಮೇಲಂಚಿಗೆ ಕಚ್ಚಿಸುವ ಸಣ್ಣ ಸ್ಪಾಯ್ಲರ್, ಅಂದರೆ ಗಾಳಿ ತಿರುಗಿಸುವ ತುಂಡು ಗ್ಲಾಸು, ಬರುತ್ತದೆ. ತೂತು ಕೊರೆಯಬೇಕಾಗಿಲ್ಲ, ಕ್ಲ್ಯಾಂಪ್ ಹಾಕಿದರಾಯಿತು. ಗ್ಲಾಸಿಗೂ ಅದಕ್ಕೂ ನಡುವೆ ಸಂದು ಇರುವಂಥದ್ದನ್ನೇ ತೆಗೆದುಕೊಳ್ಳಿ. ಆ ಸಂದಿನಿಂದ ನುಗ್ಗುವ ಗಾಳಿ ಹಿಂದಿನ ಸುಳಿಯನ್ನು ತಗ್ಗಿಸುತ್ತದೆ. ಓರೆಯನ್ನು ಬೇಕಾದಂತೆ ತಿರುಗಿಸಿಕೊಳ್ಳಬಹುದು. ಹೊಸ ಗ್ಲಾಸ್ ಕೊಳ್ಳುವ ಮೊದಲು ಇದನ್ನು ಹಾಕಿ ನೋಡುವುದು ಜಾಣತನ.

ಗ್ಲಾಸ್ ಗಿಡ್ಡ ಮಾಡುವ ಧೈರ್ಯ ನಮ್ಮ ಕಡೆ ಕಡಿಮೆ. ಗಿಡ್ಡ ಅಂದರೆ ಏನೋ ಕಳೆದುಕೊಂಡ ಹಾಗೆ. ಆದರೆ ವಿಜಯಪುರದ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟಿದಾಗ ದೊಡ್ಡ ಗ್ಲಾಸಿನ ಹಿಂದೆ ಕೂತು ನೋಡಿ. ಎದೆಗೆ ಗಾಳಿ ಸೋಕುವುದೇ ಇಲ್ಲ, ಎಂಜಿನ್ನಿನ ಕಾವು ಮೇಲೆ ಏರಿ ಬರುತ್ತದೆ, ಜಾಕೆಟ್ಟಿನ ಒಳಗೆ ಬೆವರು ಇಳಿಯುತ್ತದೆ. ಬೆಳಗಾವಿಯ ಜುಲೈ ಮಳೆಗೆ ಅದೇ ಗ್ಲಾಸ್ ವರ. ಎರಡೂ ಕಡೆ ಓಡಾಡುವವರು ಹಳೆಯ ಗಿಡ್ಡ ಗ್ಲಾಸನ್ನು ಗುಜರಿಗೆ ಹಾಕದೆ ಬೇಸಿಗೆಗೆ ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಬೆನ್ನಿನಿಂದ ತಳ್ಳಿದ ಹಾಗೆ ಆದರೆ

ದೊಡ್ಡ ಗ್ಲಾಸಿನ ಹಿಂದೆ ಒತ್ತಡ ಕಡಿಮೆ ಇರುವ ಪೊಳ್ಳು ಜಾಗ ಹುಟ್ಟುತ್ತದೆ. ಆ ಪೊಳ್ಳು ತುಂಬಲು ಸುತ್ತಲಿನ ಗಾಳಿ ಒಳಕ್ಕೆ ನುಗ್ಗುತ್ತದೆ. ನಿಮ್ಮ ಬೆನ್ನ ಕಡೆಯಿಂದಲೂ ಬರುತ್ತದೆ. ಬೆನ್ನಿಗೆ ಯಾರೋ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದ ಹಾಗೆ, ಜಾಕೆಟ್ಟಿನ ಕಾಲರ್ ಮುಂದಕ್ಕೆ ಬಡಿದುಕೊಂಡ ಹಾಗೆ ಆಗುತ್ತದೆ. ದಾರದ ಪರೀಕ್ಷೆಯಲ್ಲಿ ದಾರ ಮುಂದಕ್ಕೆ ಮಡಿಚಿಕೊಳ್ಳುವುದು ಇದರಿಂದಲೇ.

ಮದ್ದು ಸರಳ: ಪೊಳ್ಳು ತುಂಬಲು ಮುಂದಿನಿಂದಲೇ ಒಂದಿಷ್ಟು ಗಾಳಿ ಬಿಡುವುದು. ಗ್ಲಾಸಿಗೂ ಅದು ಕೂರುವ ಜಾಗಕ್ಕೂ ನಡುವೆ, ಪ್ರತಿ ಬೋಲ್ಟಿಗೆ 8ರಿಂದ 12 ಮಿಲಿಮೀಟರ್ ದಪ್ಪದ ಬುಷ್ (ಬೋಲ್ಟ್ ಹಾಯುವ ಕೊಳವೆ ತುಂಡು) ಕೊಟ್ಟು ಗ್ಲಾಸನ್ನು ಮುಂದಕ್ಕೆ ತಂದರೆ ಬುಡದಲ್ಲಿ ಸಂದು ಸಿಗುತ್ತದೆ. ಮೊದಲು ವಾಶರ್ ಪೇರಿಸಿ ನೋಡಿ. ಫಲ ಸಿಕ್ಕರೆ ಆಮೇಲೆ ನೈಲಾನ್ ಅಥವಾ ಅಲ್ಯೂಮಿನಿಯಂ ಬುಷ್ ಕಡೆಸಿಕೊಳ್ಳಿ. ಬೆಳಗಾವಿಯವರಿಗೆ ಇದು ಚಿಂತೆಯ ಮಾತೇ ಅಲ್ಲ, ಉದ್ಯಮಬಾಗದಲ್ಲಿ ಲೇಥ್ ಇರುವ ಯಾವುದಾದರೂ ವರ್ಕ್‌ಶಾಪಿಗೆ ಅಳತೆ ಬರೆದುಕೊಟ್ಟರೆ ಆಯಿತು. ಬುಷ್ ಕೊಟ್ಟಷ್ಟೂ ಬೋಲ್ಟ್ ಉದ್ದ ಆಗಬೇಕು. ಹಳೇ ಬೋಲ್ಟನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು, ಅದೇ ಮರೆಯ (ಥ್ರೆಡ್‌ನ), ಅಷ್ಟು ಉದ್ದ ಜಾಸ್ತಿ ಇರುವುದನ್ನು ತನ್ನಿ. ಎರಡೇ ಮರೆ ಹಿಡಿದ ಬೋಲ್ಟಿನ ಮೇಲೆ ಗ್ಲಾಸ್ ನಿಲ್ಲಿಸಬೇಡಿ.

ಗಾಳಿ ಕೆಳಗಿನಿಂದ ನುಗ್ಗುತ್ತಿದ್ದರೆ

ಹೆಲ್ಮೆಟ್ ಅದುರುವುದಿಲ್ಲ, ಆದರೆ ಮೇಲಕ್ಕೆ ಎತ್ತಿದ ಹಾಗಾಗುತ್ತದೆ. ಗಲ್ಲದ ಕೆಳಗೆ ತಣ್ಣನೆ ಗಾಳಿ, ಕಣ್ಣಿಗೆ ದೂಳು. ಅಂಗೈ ಪರೀಕ್ಷೆಯಲ್ಲೂ ಟ್ಯಾಂಕಿನ ಮೇಲೆ ಗಾಳಿ ಸಿಕ್ಕಿತ್ತಾ? ಹಾಗಾದರೆ ಅದು ಫೋರ್ಕುಗಳ ನಡುವೆ, ಹೆಡ್‌ಲೈಟಿನ ಕೆಳಗೆ ನುಗ್ಗಿ ಗ್ಲಾಸಿನ ಹಿಂದಿನ ಪೊಳ್ಳಿಗೆ ಏರುತ್ತಿದೆ. ಗ್ಲಾಸನ್ನು ಎಷ್ಟು ಬದಲಾಯಿಸಿದರೂ ಸರಿಹೋಗದ ಎಷ್ಟೋ ಬೈಕುಗಳ ರೋಗ ಇದು.

ಪರೀಕ್ಷೆಗೆ ಬೋರ್ಡ್ ಬರೆಯುವವರ ಹತ್ತಿರ ಸಿಗುವ ಸನ್‌ಪ್ಯಾಕ್ ಶೀಟ್ (ಹಗುರ ಪ್ಲಾಸ್ಟಿಕ್ ಹಾಳೆ) ಸಾಕು. ಚುನಾವಣೆ ಮುಗಿದ ಮೇಲಂತೂ ಬೇಕಾದಷ್ಟು ಸಿಗುತ್ತದೆ. ಫೋರ್ಕಿನ ಎರಡೂ ಬದಿಗೆ ಅಂಗೈ ಅಗಲದ ತುಂಡು ಕತ್ತರಿಸಿ ಕೇಬಲ್ ಟೈಯಿಂದ ಬಿಗಿದು ಓಡಿಸಿ. ಬಡಿತ ಕಡಿಮೆಯಾದರೆ ಅದೇ ಆಕಾರದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ, ಅಥವಾ ನಿಮ್ಮ ಬೈಕಿಗೆ ಸಿದ್ಧ ಡಿಫ್ಲೆಕ್ಟರ್ (ಗಾಳಿ ತಿರುಗಿಸುವ ತಡೆ) ಬರುತ್ತಿದ್ದರೆ ತರಿಸಿ. ಟ್ಯಾಂಕ್ ಬ್ಯಾಗ್ ಇದ್ದವರು ಅದನ್ನು ತುಂಬಿ ಇಟ್ಟು ಓಡಿಸಿ ನೋಡಿ, ಅದೂ ಈ ಗಾಳಿಗೆ ಅಡ್ಡ ನಿಲ್ಲುತ್ತದೆ.

ಒಂದು ಎಚ್ಚರ. ರೇಡಿಯೇಟರ್, ಆಯಿಲ್ ಕೂಲರ್ ಮುಂದೆ ಏನನ್ನೂ ಅಡ್ಡ ಕಟ್ಟಬೇಡಿ. ಗಾಳಿ ತಡೆಯಲು ಹೋಗಿ ನಮ್ಮ ಬೇಸಿಗೆಯಲ್ಲಿ ಎಂಜಿನ್ ಬೇಯಿಸಬಾರದು.

ಹೆಲ್ಮೆಟ್

ಅಡ್ವೆಂಚರ್ ಹೆಲ್ಮೆಟ್ಟಿನ ಮುಂದಿನ ಕೊಂಬು ನೋಡಲು ಚೆನ್ನ. ಕಾಡುದಾರಿಯಲ್ಲಿ ಉಪಯೋಗವೂ ಇದೆ. ಹೆದ್ದಾರಿಯಲ್ಲಿ ಅದು ಗಾಳಿ ಹಿಡಿಯುವ ರೆಕ್ಕೆ. ಪಕ್ಕಕ್ಕೆ ತಿರುಗಿ ನೋಡಿದರೆ ತಲೆಯನ್ನೇ ಎಳೆಯುತ್ತದೆ. ಬಿಚ್ಚಿಟ್ಟು ಓಡಿಸಿ, ಬಹಳ ಹೆಲ್ಮೆಟ್ಟುಗಳಲ್ಲಿ ಬಿಚ್ಚಲು ಬರುತ್ತದೆ.

ಆಮೇಲೆ ಅಳತೆ. ಪಟ್ಟಿ ಬಿಗಿದು, ಹೆಲ್ಮೆಟ್ ಹಿಡಿದು ಎಡಬಲ ತಿರುಗಿಸಿ. ಕೆನ್ನೆಯ ಚರ್ಮವೂ ಜೊತೆಗೆ ತಿರುಗಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ಒಳಗಿನ ಫೋಮ್ ಕುಗ್ಗಿದೆ, ಅಥವಾ ಅಳತೆಯೇ ದೊಡ್ಡದು. ಸಡಿಲ ಹೆಲ್ಮೆಟ್ಟಿಗೆ ಸಣ್ಣ ಸುಳಿಯೂ ದೊಡ್ಡ ಗುದ್ದು. ಕೆನ್ನೆಯ ಪ್ಯಾಡ್ ಕೆಲವು ಕಂಪನಿಗಳದ್ದು ಬಿಡಿಯಾಗಿ ಸಿಗುತ್ತದೆ. ಗಲ್ಲದ ಕೆಳಗೆ ಹಾಕುವ ಬಟ್ಟೆಯ ಪರದೆಯೂ ಕೆಳಗಿನ ಗಾಳಿಯನ್ನು ತಡೆಯುತ್ತದೆ. ಸಿಳ್ಳೆ ಹೊಡೆದ ಹಾಗೆ ಸದ್ದು ಬಂದರೆ ಅದು ಬಡಿತ ಅಲ್ಲ. ಗಾಳಿಕಿಂಡಿಯೋ, ಸರಿಯಾಗಿ ಮುಚ್ಚದ ವೈಸರೋ ಕಾರಣ.

ಕಿವಿಯ ಮಾತು ಬೇರೆ. ಬಡಿತ ನಿಂತರೂ ಸದ್ದು ಇದ್ದೇ ಇರುತ್ತದೆ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ಟಿನ ಒಳಗೆ 90 ಡೆಸಿಬೆಲ್ ದಾಟುವುದು ಮಾಮೂಲು. ಕಾರ್ಖಾನೆ ಕೆಲಸಕ್ಕೆ ಹೇಳುವ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ 8 ತಾಸು, ಮೂರು ಮೂರು ಡೆಸಿಬೆಲ್ ಏರಿದಂತೆ ಸಮಯ ಅರ್ಧ ಅರ್ಧ. 100 ತಲುಪುವ ಹೊತ್ತಿಗೆ ಕಾಲು ತಾಸು ಮಾತ್ರ ಉಳಿಯುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಬಹಳ ಅಗ್ಗ. ಹಾರ್ನ್ ಆಗಲೂ ಕೇಳಿಸುತ್ತದೆ.

ಹಿಂದೆ ಕೂತವರಿಗೆ ಜಾಸ್ತಿ ಆದರೆ

ಹಿಂದಿನ ಸೀಟು ಎತ್ತರ, ಗ್ಲಾಸಿನಿಂದ ದೂರ. ಸುಳಿ ಅಲ್ಲಿಗೆ ಬರುವಷ್ಟರಲ್ಲಿ ಅಗಲವಾಗಿರುತ್ತದೆ. ಮುಂದಿನವರು ಆರಾಮ, ಹಿಂದಿನವರಿಗೆ ತಲೆಶೂಲೆ. ಅವರನ್ನು ಒಂದಿಷ್ಟು ಮುಂದೆ ಸರಿದು ಕೂರಲು ಹೇಳಿ. ಇಬ್ಬರು ಕೂತಾಗ ಹಿಂದಿನ ಸಸ್ಪೆನ್ಶನ್ ಕುಸಿದು ಮುಂಭಾಗ ಎದ್ದು ಗ್ಲಾಸಿನ ಓರೆಯೂ ಬದಲಾಗುತ್ತದೆ. ಹಿಂದಿನ ಸ್ಪ್ರಿಂಗಿನ ಬಿಗಿ (ಪ್ರೀಲೋಡ್) ಏರಿಸಿ, ಆಮೇಲೆ ತೀರ್ಮಾನ ಮಾಡಿ.

ಅಡ್ಡಗಾಳಿ

ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ 52ನೇ ಹೆದ್ದಾರಿ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿದೆ. ಮಳೆಗಾಲದ ಗಾಳಿ ಅದಕ್ಕೆ ಅಡ್ಡ ಬೀಳುತ್ತದೆ. ಆಲಮಟ್ಟಿ ಹಿನ್ನೀರಿನ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆ, ಕೆರೂರು ದಾಟಿ ನರಗುಂದದ ಕಡೆಯ ಎರೆ ಹೊಲಗಳ ಬಯಲು, ಇಲ್ಲೆಲ್ಲ ಬೈಕು ಪಕ್ಕಕ್ಕೆ ಸರಿದರೆ ದೋಷ ಹುಡುಕಬೇಡಿ. ಗ್ಲಾಸ್ ಬದಲಿಸಿದರೆ ಇದು ಹೋಗುವುದಿಲ್ಲ. ಅಗಲದ ಸ್ಯಾಡಲ್ ಬ್ಯಾಗ್, ಮೇಲೆ ಪೇರಿಸಿದ ಸಾಮಾನು ಇದನ್ನು ಹೆಚ್ಚಿಸುತ್ತವೆ. ವೇಗ ತಗ್ಗಿಸಿ, ಮೊಣಕಾಲಿನಿಂದ ಟ್ಯಾಂಕ್ ಹಿಡಿಯಿರಿ, ತೋಳು ಸಡಿಲ ಬಿಡಿ. ಬಿಗಿ ಹಿಡಿದ ಹ್ಯಾಂಡಲ್ ಮೈಗೆ ಬಿದ್ದ ಪ್ರತಿ ಗುದ್ದನ್ನೂ ಗಾಲಿಗೆ ದಾಟಿಸುತ್ತದೆ.

ಜೋರು ಗಾಳಿ ಇದ್ದಾಗ ಲಾರಿ ಹಿಂದಿಕ್ಕುವುದರಲ್ಲಿ ಒಂದು ಮೋಸ ಇದೆ. ಹುಬ್ಬಳ್ಳಿ ಕಡೆಯಿಂದ ಉತ್ತರಕ್ಕೆ ಬರುವಾಗ ಪಶ್ಚಿಮ ನಿಮ್ಮ ಎಡಕ್ಕೆ. ಲಾರಿಯ ಬಲಗಡೆ ಹೋಗುವಷ್ಟು ಹೊತ್ತು ಅದು ಗಾಳಿಗೆ ಗೋಡೆಯಾಗಿರುತ್ತದೆ, ನೀವು ಅರಿವಿಲ್ಲದೆ ನೆಟ್ಟಗಾಗಿರುತ್ತೀರಿ. ಲಾರಿಯ ಮೂತಿ ದಾಟಿದ ಕ್ಷಣ ಎಡದಿಂದ ಒಮ್ಮೆಲೇ ಬಡಿದು ಬಲಕ್ಕೆ ತಳ್ಳುತ್ತದೆ. ಎದುರಿನ ಗಾಡಿ ಬರುವುದೂ ಆ ಕಡೆಯಿಂದಲೇ. ಲಾರಿಗೂ ನಿಮಗೂ ನಡುವೆ ಜಾಗ ಇಟ್ಟುಕೊಂಡು, ಬಲಕ್ಕೂ ಜಾಗ ಉಳಿದಿದ್ದರೆ ಮಾತ್ರ ದಾಟಿ.

ಬಿಗಿಯುವಾಗ

ಗ್ಲಾಸು ಅಕ್ರಿಲಿಕ್ ಇರಲಿ, ಪಾಲಿಕಾರ್ಬೋನೇಟ್ ಇರಲಿ, ಬೋಲ್ಟಿಗೂ ಅದಕ್ಕೂ ನಡುವೆ ರಬ್ಬರ್ ವಾಶರ್ ಇರಲೇಬೇಕು. ಕೈಯಲ್ಲಿ ಬಿಗಿದು ಕೀಲಿಯಿಂದ ಸ್ವಲ್ಪವೇ ತಿರುಗಿಸಿದರೆ ಸಾಕು. ಜಾಸ್ತಿ ಬಿಗಿದರೆ ತೂತಿನಿಂದಲೇ ಸೀಳು ಶುರು. ಬೋಲ್ಟ್ ಸಡಿಲವಾಗದಿರಲಿ ಅಂತ ಥ್ರೆಡ್ ಲಾಕರ್ (ಮರೆಗೆ ಹಚ್ಚುವ ಅಂಟು) ಹಚ್ಚಬೇಡಿ, ಅದು ಈ ಪ್ಲಾಸ್ಟಿಕ್ಕನ್ನು ತಿಂದು ಬಿರುಕು ಬಿಡಿಸುತ್ತದೆ. ಪೆಟ್ರೋಲ್ ಬಟ್ಟೆಯಿಂದ ಒರೆಸುವುದೂ ಬೇಡ, ಕಿಟಕಿ ಗಾಜು ಒರೆಸುವ ಅಮೋನಿಯಾ ಇರುವ ದ್ರಾವಣವೂ ಬೇಡ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಒಣಗಿದ ಕೆಂಪು ದೂಳನ್ನು ಮೊದಲು ನೀರು ಹಾಕಿ ನೆನೆಸಿ, ಒಣಗಿದಾಗಲೇ ಉಜ್ಜಿದರೆ ಗೀರು ಬೀಳುತ್ತದೆ.

ಹೊಸ ಗ್ಲಾಸ್, ಡಿಫ್ಲೆಕ್ಟರ್, ಏನೇ ಹಾಕಿದರೂ ಮನೆ ಮುಂದೆಯೇ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಕ್ಲಚ್ ವಯರ್, ಬ್ರೇಕ್ ಹೋಸ್, ಹ್ಯಾಂಡ್‌ಗಾರ್ಡ್ ಯಾವುದೂ ತಾಗಬಾರದು. ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಒತ್ತಿ ನೋಡಿ, ಕೆಳಗಿನ ಡಿಫ್ಲೆಕ್ಟರ್ ಮಡ್‌ಗಾರ್ಡಿಗೆ ಬಡಿಯಬಾರದು. ಮೊದಲ ಓಟ ಮುಗಿಸಿ ಬಂದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ. ರಬ್ಬರ್ ಕೂತ ಮೇಲೆ ಒಂದೆರಡು ಸಡಿಲವಾಗಿರುತ್ತವೆ.